ಒಣಗದ ಸ್ಪೆಸಿಮನ್

ಆಗಸ್ಟ್ 3, ಸಂಜೆ

ಸಾರಿ. ಯಾರಿಗೆ ಹೇಳುತ್ತಿದ್ದೇನೋ ಗೊತ್ತಿಲ್ಲ. ಸ್ಕೂಲ್ ಹಾಸ್ಟೆಲ್‌ನಲ್ಲಿ ವಾರ್ಡನ್ ನನ್ನ ಡೈರಿಯನ್ನು ಊಟದ ಹಾಲ್‌ನಲ್ಲಿ ಎಲ್ಲರೆದುರು ಓದಿದ ಮೇಲೆ, ಇನ್ನು ಬರೆಯುವುದಿಲ್ಲ ಅಂದುಕೊಂಡಿದ್ದೆ.

ಈಗಷ್ಟೇ ಗಿಡ ಒತ್ತುವ ಪ್ರೆಸ್‌ನ ಪೇಪರ್ ಬದಲಾಯಿಸಿದೆ. ಬಾಟನಿ ಫಸ್ಟ್ ಇಯರ್ ಅಂದರೆ ಇದೇ— ಗಿಡ ಕಿತ್ತು, ಹಳೇ ನ್ಯೂಸ್‌ಪೇಪರ್ ನಡುವೆ ಒತ್ತಿ, ಒಣಗಿಸಿ, ಶೀಟ್‌ಗೆ ಅಂಟಿಸಿ ಕೊಡುವುದು. ಉಳಿದವೆಲ್ಲ ಒಣಗಿವೆ. ಆರ್ಕಿಡ್ ಮಾತ್ರ ಇಲ್ಲ.

ಅದು ಸಿಕ್ಕಿದ್ದು ಬೋಳು ಬಂಡೆಯ ಮೇಲೆ. ಹಿಡಿ ಮಣ್ಣಿಲ್ಲ. ಕಾದ ಕಲ್ಲು, ಗಾಳಿ, ಒಂದಿಷ್ಟು ಪಾಚಿ... ಅದರ ಮೇಲೆ ಬೇರು ಚಾಚಿ ಅಂಟಿಕೊಂಡು ಕೂತಿತ್ತು. ಸ್ಟೀಲ್ ಸ್ಕೇಲ್ ತೂರಿಸಿ ಎಬ್ಬಿಸಿದೆ. ಚರ್ ಅಂದಿತು.

ಆಗಸ್ಟ್ 9

ಅಮ್ಮನ ಫೋನ್. ಅಪ್ಪ ಅಮ್ಮ ಇಬ್ಬರಿಗೂ ಡ್ಯೂಟಿ, ತಂಗಿ ಗುಬ್ಬಿಯನ್ನು ನೋಡಿಕೊಳ್ಳುವವರಿಲ್ಲ. ಈ ತಿಂಗಳ ಕೊನೆಗೆ ಅವಳನ್ನೂ ನನ್ನ ಹಳೇ ಹಾಸ್ಟೆಲ್‌ಗೆ ಸೇರಿಸುತ್ತಾರಂತೆ. ಅವಳಿಗೆ ಇನ್ನೂ ಏಳು ವರ್ಷ. ಊಟ ಬಿಟ್ಟು ಕೂತಿದ್ದಾಳಂತೆ, ನಾನು ಹೇಳಿದರೆ ಕೇಳುತ್ತಾಳಂತೆ.

"ನೀನಿರ್ಲಿಲ್ವಾ? ಒಂದು ದಿನ ಅತ್ತೋಳಲ್ಲ. ಗಟ್ಟಿ ಹುಡುಗಿ" ಅಂದಳು ಅಮ್ಮ.

ಗುಬ್ಬಿ ಕೇಳಿದ್ದು ಇಷ್ಟೇ: "ಅಕ್ಕ, ಅಲ್ಲಿ ಲೈಟ್ ಹಾಕ್ಕೊಂಡು ಮಲಗಬಹುದಾ?"

ಹಾಸ್ಟೆಲ್ ಸೂಪರ್ ಕಣೇ ಅಂದೆ. ಊಟ ಮಾಡಿದಳಂತೆ.

ಆಗಸ್ಟ್ 10

ಪ್ರೆಸ್ ಬಿಚ್ಚಿದೆ. ಆರ್ಕಿಡ್ ಚಿಗುರಿದೆ! ಎರಡು ಹಲಗೆ, ಬಿಗಿದ ಬೆಲ್ಟ್, ಮೇಲೆ ನನ್ನ ಟ್ರಂಕ್— ಅದರಡಿ ಬಿಳುಚಿಕೊಂಡ ಮೊಳಕೆ ಚಪ್ಪಟೆಯಾಗಿ ಪಕ್ಕಕ್ಕೆ ತೆವಳಿದೆ.

ರೂಮ್‌ಮೇಟ್ ನೋಡಿ, "ನಿನ್ನ ಥರಾನೇ. ಮೆಸ್ ಊಟ ತಿಂದೂ ಬದುಕುತ್ತೆ" ಅಂದಳು. ನಕ್ಕೆ.

ಗಡ್ಡೆಯಲ್ಲಿ ನೀರು ಕೂಡಿಟ್ಟುಕೊಂಡಿರುತ್ತೆ, ಸುಮ್ಮನೆ ಸಾಯಲ್ಲ, ಕುದಿಯುವ ನೀರಲ್ಲಿ ಅದ್ದು ಅಂದರು ಬಾಟನಿ ಮೇಡಂ. ಕೆಟಲ್ ಆನ್ ಮಾಡಿದೆ. ಆಫ್ ಮಾಡಿದೆ.

ವಾಪಸ್ ಬಂಡೆ ಮೇಲಿಟ್ಟರೆ ಅಂತ ಮತ್ತೆ ಹೋಗಿ ಕೇಳಿದೆ. ಮೇಡಂ ಇಲ್ಲ ಅನ್ನುವಂತೆ ತಲೆಯಾಡಿಸಿದರು. "ಬಿಟ್ಟ ಬೇರು ಮತ್ತೆ ಹಿಡಿಯಲ್ಲಮ್ಮ. ಹೊಸ ಬೇರು ಬಂದ್ರೆ ಹಿಡಿಯುತ್ತೆ. ಬರದೇನೂ ಇರಬಹುದು."

ಆಗಸ್ಟ್ 24

ಆರ್ಕಿಡ್ ಶೀಟ್ ಖಾಲಿ ಕೊಟ್ಟೆ. ಬಸ್ ಹಿಡಿದು ಬಂಡೆಗೆ ಹೋದೆ. ಜಾಗ ಹುಡುಕಬೇಕಾಗಲಿಲ್ಲ. ಕಿತ್ತು ಬಂದ ಬೇರಿನ ಸಿಪ್ಪೆ ಕಲ್ಲಿಗೆ ಬೆಳ್ಳಗೆ ಅಂಟಿಕೊಂಡೇ ಇತ್ತು. ಸುತ್ತ ಉಳಿದವೆಲ್ಲ ಹೂ ಬಿಟ್ಟಿದ್ದವು. ನನ್ನ ಆರ್ಕಿಡ್ ಅನ್ನು ಅದೇ ಜಾಗದಲ್ಲಿಟ್ಟು ದಾರ ಸುತ್ತಿ ಕಟ್ಟಿದೆ. ಕೈ ಬಿಟ್ಟರೆ ಅಲ್ಲಾಡುತ್ತದೆ.

ರಜೆಗೆ ಮನೆಗೆ ಹೋದಾಗಲೆಲ್ಲ ಅಮ್ಮ ಟವೆಲ್ ಎಲ್ಲಿದೆ ಅಂತ ತೋರಿಸುತ್ತಾಳೆ. ಅಪ್ಪ ಕಾಫಿಗೆ ಸಕ್ಕರೆ ಎಷ್ಟು ಅಂತ ಕೇಳುತ್ತಾರೆ. ಪ್ರತಿ ಸಲ.

ಆಗಸ್ಟ್ 25, ಬೆಳಿಗ್ಗೆ

ಅಪ್ಪನಿಗೆ ಮೆಸೇಜ್. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಅಪ್ಪ, ಗುಬ್ಬಿಗೆ ನಾನು ಹೇಳಿದ್ದು ಸುಳ್ಳು. ದಿನಾ ಅಳುತ್ತಿದ್ದೆ, ಬಾತ್‌ರೂಮ್‌ನಲ್ಲಿ ನಲ್ಲಿ ಬಿಟ್ಟುಕೊಂಡು. ನೀವು ಬಂದಾಗ ಮಾತ್ರ ಅಳುತ್ತಿರಲಿಲ್ಲ. ಅವಳನ್ನು ಕಳಿಸಬೇಡಿ. ಸೋಮವಾರ ಅವಳನ್ನು ಹಾಸ್ಟೆಲ್‌ಗೆ ಬಿಡಲು ಹೊರಡುವ ಮೊದಲು ಇದನ್ನು ಓದಿ. ಬೇಗ ರಿಪ್ಲೈ ಮಾಡಿ.