ಮಾವ ಉಜ್ಜಿ ತೆಗೆದ ಗೆರೆ

ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ

ನನ್ನ ಪ್ರೀತಿಯ ಸೊಸೆಗೆ,

ಅತ್ತೆಯ ಮನಸಾರೆ ಆಶೀರ್ವಾದ. ಮೊದಲು ಸುದ್ದಿ ಹೇಳಿಬಿಡುತ್ತೇನೆ, ಕ್ಷೇಮ ಸಮಾಚಾರವನ್ನು ಆಮೇಲೆ ನೋಡಿಕೊಳ್ಳೋಣ. ನಿನ್ನ ಗಂಡ ಮಾತಾಡಿದ. ಒಂದೆರಡು ಮಾತಲ್ಲ ಮಗಳೇ, ಅಂಗಡಿ ತುಂಬ ಕೇಳುವ ಹಾಗೆ, ಅಪ್ಪನ ಜೊತೆ ಜಗಳವಾಡಿಕೊಂಡು ಮಾತಾಡಿದ. ಮನೆಯವರ ಜಗಳ ಕೇಳಿ ಇಷ್ಟು ಸಂತೋಷಪಟ್ಟ ಹೆಂಗಸು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮಿಬ್ಬರ ಫೋನು ಹೇಗಿರುತ್ತದೆ ಎಂದು ನಿನಗೆ ಗೊತ್ತೇ ಇದೆ. "ಊಟ ಆಯ್ತಾ" ಎನ್ನುವಷ್ಟರಲ್ಲಿ ನಿನಗೆ ಅಳು ಬರುತ್ತದೆ, ನನ್ನ ಮೂಗು ಸೋರುತ್ತದೆ, ನಿನ್ನ ಮಾವ ಫೋನು ಕಿತ್ತುಕೊಂಡು ನಿಮ್ಮೂರಿನ ಬಿಸಿಲಿನ ವಿಚಾರ ಕೇಳತೊಡಗುತ್ತಾರೆ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಅತ್ತರೂ ಒರೆಸಿಕೊಂಡು ಮುಂದುವರಿಸಬಹುದು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವನು ಹೇಗಿದ್ದ ಎಂದು ನೀನೇ ಕಣ್ಣಾರೆ ಕಂಡಿದ್ದೀಯ. ಎಂಜಿನ್ನು ಕೈಕೊಟ್ಟ ವಿಮಾನದಿಂದ ಹಾರಿ ಜೀವ ಉಳಿಸಿಕೊಂಡವನು. ವಿಮಾನ ಯಾರೂ ಇಲ್ಲದ ಬಯಲಿನಲ್ಲಿ ಬಿತ್ತು, ಒಂದು ನರಪಿಳ್ಳೆಗೂ ಏಟಾಗಲಿಲ್ಲ. ಮುರಿದ ಬೆನ್ನುಮೂಳೆ ಚೆನ್ನಾಗಿ ಕೂಡಿಕೊಳ್ಳುತ್ತಿದೆ ಎಂದು ಡಾಕ್ಟರು, ಬೆನ್ನು ತಟ್ಟುವ ಹಾಗಿಲ್ಲವಲ್ಲ, ಭುಜ ತಟ್ಟಿ ಕಳಿಸಿದ್ದರು. ಆದರೂ ಇವನ ಬಾಯಿಗೆ ಬೀಗ. "ಹೂಂ" ಮತ್ತು "ಬೇಡ", ಈ ಎರಡು ಮಾತಿನಲ್ಲೇ ದಿನ ಕಳೆಯುತ್ತಿದ್ದ. ನೀನು ಏನೋ ಒಂದು ಮಾತು ಕೇಳಿದ್ದಕ್ಕೆ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ. ಮಾರನೆಯ ಬೆಳಿಗ್ಗೆ ನೀನು ನನ್ನ ಅಡುಗೆಮನೆಯಲ್ಲಿ ನಿಂತು, "ಅತ್ತೆ, ನಾನು ಎದುರಿಗಿದ್ರೆ ಅವರಿಗೆ ಉಸಿರು ಕಟ್ಟತ್ತೆ, ನಾನು ಸ್ಕೂಲಿಗೆ ವಾಪಸ್ ಹೋಗ್ತೀನಿ, ಮಕ್ಕಳಿಗೆ ಪಾಠಾನೂ ನಿಂತಿದೆ" ಎಂದೆ. ಏನು ಕೇಳಿದ್ದೆ ಎಂದು ನಾನು ಕೆದಕಲಿಲ್ಲ. ಗಂಡ ಹೆಂಡಿರ ನಡುವೆ ಮೂಗು ತೂರಿಸುವ ಚಟ ನನಗಿಲ್ಲ. (ಇದನ್ನು ನನ್ನ ಹೆಗಲ ಮೇಲಿಂದ ಇಣುಕಿ ಓದಿ ನಿನ್ನ ಮಾವ ಕೆಮ್ಮುತ್ತಿದ್ದಾರೆ.) ಆದರೆ ಹೆದರಿದ್ದೆ ಮಗಳೇ. ಮುರಿದ ಬೆನ್ನು ಕೂಡಿಸಲು ಡಾಕ್ಟರಿದ್ದಾರೆ, ನೀವಿಬ್ಬರು ದೂರವಾದರೆ ಕೂಡಿಸುವವರು ಯಾರು? ಆ ಯೋಚನೆಯಲ್ಲಿ ನನ್ನ ಕೈಯಡುಗೆಗೆ ಉಪ್ಪು ಹದವಾಗಿ ಬಿದ್ದ ದಿನವೇ ಇರಲಿಲ್ಲ.

ಇನ್ನು ನಿನ್ನ ಮಾವನ ವಿಷಯ. ಅವರ ಪುಟಾಣಿ ವಿಮಾನಗಳ ಹುಚ್ಚನ್ನು ನೀನು ಗಾಜಿನ ಬೀರುವಿನಲ್ಲಿ ನೋಡಿದ್ದೀಯ, ಮಾಡುವಾಗ ನೋಡಿಲ್ಲ. ಡಬ್ಬಿಯೊಳಗೆ ಬೂದು ಬಣ್ಣದ ಪ್ಲಾಸ್ಟಿಕ್ ತುಂಡುಗಳು ಬರುತ್ತವೆ. ಜೋಡಿಸಿ ಅಂಟಿಸಿದರೆ ಅಂಗೈಗಿಂತ ಸ್ವಲ್ಪ ದೊಡ್ಡ ವಿಮಾನ. ಬೇರೆಯವರಿಗೆ ಒಂದು ರಜಾದಿನದ ಕೆಲಸ, ಇವರಿಗೆ ವರ್ಷವಾದರೂ ಮುಗಿಯುವುದಿಲ್ಲ. ಯಾಕೆಂದರೆ ಇವರು ಜೋಡಿಸುವುದಿಲ್ಲ, ತಿದ್ದುತ್ತಾರೆ. ಡಬ್ಬಿ ಬಿಚ್ಚಿದ ಕೂಡಲೇ ಭೂತಗನ್ನಡಿ ಹಿಡಿದು, ಫೋಟೋಗಳನ್ನು ಪಕ್ಕದಲ್ಲಿಟ್ಟುಕೊಂಡು, ಕಂಪನಿಯವರು ಎಲ್ಲೆಲ್ಲಿ ತಪ್ಪಿದ್ದಾರೆ ಎಂದು ಹುಡುಕುತ್ತಾರೆ. ನನ್ನನ್ನು ಮದುವೆಯಾದ ಹೊಸದರಲ್ಲಿ ನನ್ನನ್ನೂ ಹಾಗೇ ನೋಡಿದ್ದರು. ನಾನು ಉಪ್ಪುಕಾಗದಕ್ಕೆ ಜಗ್ಗುವವಳಲ್ಲ ಎಂದು ಬೇಗ ಗೊತ್ತಾಯಿತು.

ಮಗ ಹಾರಿಸುವ ಜೆಟ್ಟಿನದೇ ಕಿಟ್ಟನ್ನು ಅಪಘಾತಕ್ಕೆ ಮುಂಚೆಯೇ ತರಿಸಿ, ಅವನ ಹುಟ್ಟಿದ ದಿನಕ್ಕೆ ಕೊಡಬೇಕೆಂದು ಶುರುಮಾಡಿದ್ದರು. ಆಸ್ಪತ್ರೆಯಿಂದ ಫೋನು ಬಂದ ದಿನ ಅದನ್ನು ಕಣ್ಣಿಗೆ ಬೀಳದಂತೆ ಅಟ್ಟದ ಮೇಲೆ ಹಾಕಿದವಳು ನಾನೇ. ಆದರೆ ಸ್ವಲ್ಪ ದಿನದಲ್ಲಿ ಅವರ ಅಂಗಿಯಿಂದ ಅಂಟಿನ ವಾಸನೆ ಬರತೊಡಗಿತು. ನಮ್ಮ ಕನ್ನಡಕದ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ನೋಡಿದರೆ, ಲೆನ್ಸು ಉಜ್ಜುವ ಯಂತ್ರದ ಪಕ್ಕದಲ್ಲೇ ಆ ವಿಮಾನ! ನನಗೆ ಮೈಯೆಲ್ಲ ಉರಿಯಿತು. ಮಗನನ್ನು ಮೂಲೆಗೆ ಕೂರಿಸಿದ ವಸ್ತುವಿನ ಮೇಲೆ ಇದೆಂಥ ಪ್ರೀತಿ ಎಂದು ಬಾಯಿಗೆ ಬಂದಂತೆ ಬೈದೆ. ಅವರು ತಲೆ ತಗ್ಗಿಸಿಕೊಂಡೇ, "ಕೈ ಸುಮ್ನಿದ್ರೆ ತಲೆ ಕೆಡತ್ತೆ ಕಣೇ" ಎಂದರು. ಆ ಮುಖ ನೋಡಿ ನಾನೇ ಮೆತ್ತಗಾದೆ. ಆದರೆ ಒಂದು ಮಾತು ತೆಗೆದುಕೊಂಡೆ. ಒಳಗೆ ಸೀಟು ಇಡಕೂಡದು. ಕಪ್ಪು ಬಣ್ಣ ಬಳಿದು, ಮೇಲಿನ ಗಾಜು ಮುಚ್ಚಿ ಅಂಟಿಸಿಬಿಡಬೇಕು. ಆ ಸೀಟಿನಲ್ಲಿ ನನ್ನ ಮಗ ಕೂತಿದ್ದ ಎಂಬ ಯೋಚನೆಯೇ ನನಗೆ ಬೇಡವಾಗಿತ್ತು, ಇನ್ನು ಅವನ ಕಣ್ಣಿಗೆ ಬಿದ್ದರೆ ಏನು ಗತಿ ಎನಿಸಿತ್ತು.

ಮಿಕ್ಕದ್ದನ್ನೆಲ್ಲ ಅವರು ಮನಸ್ಸು ತೃಪ್ತಿಯಾಗುವಷ್ಟು ತಿದ್ದಿದರು. ಮೂಗು ಮೊಂಡಾಗಿದೆ ಎಂದು ಪುಟ್ಟಿ ಮೆತ್ತಿ, ಉಜ್ಜಿ ಚೂಪು ಮಾಡಿದರು. ರೆಕ್ಕೆಯ ಮೇಲೆ ತಗಡುಗಳು ಸೇರುವ ಕಡೆ ಗೆರೆಗಳು ಉಬ್ಬಿಕೊಂಡಿದ್ದವಂತೆ, ಅಸಲಿನಲ್ಲಿ ಅವು ತಗ್ಗಾಗಿರುತ್ತವಂತೆ. ಎಲ್ಲವನ್ನೂ ಸಪಾಟು ಮಾಡಿ ಸೂಜಿಯಿಂದ ಮತ್ತೆ ಕೊರೆದರು. ಚಕ್ರ ಮಡಚಿಕೊಳ್ಳುವ ಗೂಡು ಬರಿದಾಗಿತ್ತೆಂದು ಹಳೆಯ ಕನ್ನಡಕದ ತಂತಿಗಳನ್ನು ಬಗ್ಗಿಸಿ ಕೊಳವೆಗಳನ್ನು ಮಾಡಿದರು. ಕೊನೆಗೆ ಬಂತು ಮೇಲಿನ ಗಾಜಿನ ಮುಚ್ಚಳ. ಅದರ ಮೇಲೆ ಒಂದು ಡೊಂಕುಡೊಂಕಾದ ಗೆರೆ ಇತ್ತು. ಜೀವಮಾನವಿಡೀ ಗಾಜಿನ ಮೇಲಿನ ಗೀರು ತೆಗೆದವರು ಸುಮ್ಮನಿರುತ್ತಾರೆಯೇ? ಅಚ್ಚಿನ ದೋಷವೆಂದುಕೊಂಡು, ಲೆನ್ಸಿಗೆ ಹಾಕುವ ಪಾಲಿಶ್ ಹಾಕಿ, ಉಜ್ಜಿ ಉಜ್ಜಿ ಅದನ್ನು ಅಳಿಸಿಬಿಟ್ಟರು. ಫೋಟೋದಲ್ಲೂ ಆ ಗೆರೆ ಕಂಡಿತ್ತಂತೆ, ಬಿಸಿಲಿನ ಪ್ರತಿಬಿಂಬ ಇರಬೇಕು ಎಂದುಕೊಂಡರಂತೆ. ಇಂಥ ತಪ್ಪು ಕನ್ನಡಕದವರಿಗಲ್ಲದೆ ಇನ್ಯಾರಿಗೂ ಆಗುವುದಿಲ್ಲ.

ಮೊನ್ನೆ ಮಂಗಳವಾರ ನನ್ನ ಮಂಡಿ ಹಿಡಿದುಕೊಂಡಿತ್ತು. ದಿನಾ ನಡೆಯಬೇಕೆಂದು ಡಾಕ್ಟರು ಅವನಿಗೆ ಹೇಳಿದ್ದಾರಲ್ಲ, ಪಕ್ಕದ ಬೀದಿ ತಾನೇ ಎಂದು ಅಪ್ಪನ ಊಟದ ಡಬ್ಬಿಯನ್ನು ಅವನ ಕೈಗೆ ಕೊಟ್ಟು ಕಳಿಸಿದೆ. "ಹೂಂ" ಎಂದು ಹೊರಟ. ಅವನು ಬೀದಿಯ ತಿರುವು ದಾಟಿದ ಮೇಲೆ ನನಗೆ ನೆನಪಾಯಿತು. ಡಬ್ಬಿ ಇಡುವ ಜಾಗವೇ ಹಿಂದಿನ ಕೋಣೆಯ ಮೇಜು! ಮಂಡಿನೋವು ಎಲ್ಲಿ ಹೋಯಿತೋ, ಒಂದು ಕಾಲಿಗೆ ನನ್ನ ಚಪ್ಪಲಿ, ಇನ್ನೊಂದಕ್ಕೆ ನಿನ್ನ ಮಾವನದು, ಹಾಗೇ ಓಡಿದೆ.

ನಾನು ಹೋಗುವಷ್ಟರಲ್ಲಿ ಅವನು ವಿಮಾನವನ್ನು ಕೈಯಲ್ಲಿ ಹಿಡಿದುಕೊಂಡು ಅಂಗಡಿಯ ನಡುವೆ ನಿಂತಿದ್ದ. ಕಣ್ಣು ಪರೀಕ್ಷೆಗೆ ಬಂದ ಒಬ್ಬ ಅಜ್ಜಿ, ಮೂಗಿನ ಮೇಲೆ ಲೆನ್ಸು ಬದಲಿಸಿ ನೋಡುವ ಆ ದಪ್ಪ ಚೌಕಟ್ಟು ಹೊತ್ತುಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ನಿನ್ನ ಮಾವನ ಕೈಯಲ್ಲಿ ಒಂದು ಲೆನ್ಸು. ಆಗ ಅವನು ಬಾಯಿ ತೆರೆದ.

"ಅಪ್ಪಾ, ಈ ಗಾಜಿನ ಮೇಲಿದ್ದ ಗೆರೆ ಏನಾಯ್ತು?"

ಇವರಿಗೆ ಮಗ ಮಾತಾಡಿದ ಎನ್ನುವುದೇ ಹೊಳೆಯಲಿಲ್ಲ. ಕೆಲಸದ ವಿಷಯ ಬಂದರೆ ಹಾಗೇ ಅಲ್ಲವೇ. "ಡೊಂಕಾಗಿತ್ತಲ್ಲ, ಅದಾ? ಅಚ್ಚಿನ ದೋಷ ಕಣೋ, ಉಜ್ಜಿ ತೆಗೆದೆ. ಹೇಗೆ ಹೊಳೀತಿದೆ ನೋಡು!" ಎಂದರು.

"ದೋಷ ಅಲ್ಲಪ್ಪಾ, ಅದು ಸಿಡಿಮದ್ದಿನ ದಾರ! ಸೀಟಿನ ಹಿಡಿ ಎಳೆದ ತಕ್ಷಣ ಮೊದಲು ಅದು ಸಿಡಿದು ಗಾಜನ್ನ ಪುಡಿ ಮಾಡತ್ತೆ, ಆಮೇಲೆ ಸೀಟು ಪೈಲಟ್‌ನ ಹೊತ್ತುಕೊಂಡು ಹೊರಗೆ ಚಿಮ್ಮತ್ತೆ. ಅದಿಲ್ದೆ ಇದ್ದಿದ್ರೆ ನನ್ನ ತಲೆ ಹೋಗಿ ಗಾಜಿಗೆ ಹೊಡೀತಿತ್ತು. ನೀವು ಎಲ್ಲಾ ಬಿಟ್ಟು ಅದನ್ನೇ ತೆಗೆದಿದ್ದೀರಲ್ಲ!"

ನಿನ್ನ ಮಾವ ಹಾಗೇ ಗೋಡೆಗೆ ಕೈಯಿಟ್ಟರು. "ನಿನ್ನನ್ನ ಉಳಿಸಿದ್ದನ್ನ ನಾನು ತೆಗೆದುಬಿಟ್ಟೆನಾ" ಎಂದು ಎರಡು ಸಲ ಹೇಳಿದರು. ಅಜ್ಜಿಗೆ ಆ ಚೌಕಟ್ಟಿನಲ್ಲಿ ಏನೂ ಕಾಣದೆ, "ಯಾರಿಗೆ ಏನಾಯ್ತು, ಯಾರಾದ್ರೂ ಹೇಳ್ರಪ್ಪಾ" ಎಂದು ಕೂಗತೊಡಗಿದರು. ಇವನು ಯಾರ ಕಡೆಗೂ ನೋಡದೆ ವಿಮಾನವನ್ನು ಬೆಳಕಿಗೆ ಹಿಡಿದು, "ಸೀಟೆಲ್ಲಿ?" ಎಂದ. ಬೇಡವೆಂದವಳು ನಾನೇ ಎಂದು ಮೆಲ್ಲಗೆ ಹೇಳಿದೆ. "ಸೀಟಿಲ್ದೆ ಪೈಲಟ್ ಏನಮ್ಮಾ, ಬಸ್ ಕಂಡಕ್ಟರ್ ಥರ ನಿಂತ್ಕೊಂಡು ಹೋಗ್ತಾನಾ?" ಎಂದ. ಅಜ್ಜಿ ಗೊಳ್ಳೆಂದು ನಕ್ಕರು. ಅವನಿಗೂ ನಗು ಬಂತು. ಆಮೇಲೆ ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ಅಮ್ಮಾ, ಆ ಸೀಟಿಂದಾನೇ ನಾನು ನಿನ್ನೆದುರಿಗೆ ನಿಂತಿರೋದು. ಅದಕ್ಯಾಕೆ ಹೆದರ್ತೀಯ?" ಎಂದ. ನಾನು ಅಲ್ಲೇ, ಕನ್ನಡಕದ ಡಬ್ಬಿಗಳ ನಡುವೆ, ಗಟ್ಟಿಯಾಗಿ ಅತ್ತುಬಿಟ್ಟೆ.

ಅಜ್ಜಿಯನ್ನು ಕಳಿಸಿದ ಮೇಲೆ ಗಾಜನ್ನು ಎಬ್ಬಿಸುವ ಕೆಲಸ ಶುರುವಾಯಿತು. ಅಂಟು ಬಿಡಿಸಲು ಬ್ಲೇಡಿನ ತುದಿ ಹಾಕಿ ಇಬ್ಬರೂ ಮೆಲ್ಲಗೆ ಮೀಟಿದರು. ಟಿಕ್ಕೆಂದು ಬಿಟ್ಟುಕೊಂಡಿತು, ಬಿರುಕಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಸೀಟನ್ನು ಚಿಮಟದಲ್ಲಿ ಎತ್ತಿ ನೋಡಿ, "ಇದು ಸೀಟಲ್ಲ, ಕ್ಷೌರದಂಗಡಿ ಕುರ್ಚಿ" ಎಂದು ತೀರ್ಪು ಕೊಟ್ಟ. ಮತ್ತೆ ತಿದ್ದುಪಡಿ! ತಲೆ ಆನಿಸುವ ಭಾಗವನ್ನು ಎತ್ತರಿಸಿದರು, ಪಕ್ಕಗಳನ್ನು ಕತ್ತರಿಸಿದರು. ಭುಜದ ಪಟ್ಟಿಗಳಿಗೆ ಏನು ಮಾಡುವುದೆಂದು ಯೋಚಿಸುತ್ತಿರುವಾಗ, ಅವನು ಜೇಬಿನಿಂದ ತನ್ನ ನೋವಿನ ಮಾತ್ರೆಯ ಹಾಳೆಯನ್ನು ತೆಗೆದು, ಹಿಂದಿನ ತೆಳು ತಗಡನ್ನು ಸುಲಿದು ಕೊಟ್ಟ. ಎಳೆಯುವ ಹಿಡಿಯನ್ನು ತಂತಿಯಿಂದ ಬಗ್ಗಿಸಿ, ಹಳದಿ ಬಳಿದು, ಮೇಲೆ ಕಪ್ಪು ಪಟ್ಟೆ ಎಳೆದರು. ಸೀಟು ಎಷ್ಟು ಹಿಂದಕ್ಕೆ ವಾಲಬೇಕು ಎಂಬುದಕ್ಕೆ ಆದ ವಾಗ್ವಾದ ನಿನ್ನೆ ಸಂಜೆಯವರೆಗೂ ನಡೆಯಿತು. "ಫೋಟೋದಲ್ಲಿ ಹೀಗಿದೆ" ಎಂದು ಇವರು, "ನಾನು ಅದರಲ್ಲಿ ಕೂತಿದ್ದೆ ಅಪ್ಪಾ" ಎಂದು ಅವನು. ಕೊನೆಗೆ ಗೆದ್ದವನು ಕೂತಿದ್ದವನೇ.

ಅದನ್ನು ಮಾಡುತ್ತಾ ಮಾಡುತ್ತಾ ಅವನು ಎಲ್ಲವನ್ನೂ ಹೇಳಿದ. ಒಮ್ಮೆಲೇ ಅಲ್ಲ. ಪಟ್ಟಿ ಅಂಟಿಸುವಾಗ ಸ್ವಲ್ಪ, ಬಣ್ಣ ಒಣಗುವಾಗ ಸ್ವಲ್ಪ. ಏರುತ್ತಿದ್ದ ಹಾಗೇ ಹಕ್ಕಿಗಳು ಬಡಿದದ್ದು, ಎಂಜಿನ್ನಿನ ಸದ್ದು ನಿಂತುಹೋದದ್ದು, ಮತ್ತೆ ಹಚ್ಚಲು ನೋಡಿದ್ದು, ಮನೆಗಳಿಲ್ಲದ ಕಡೆಗೆ ಮೂಗು ತಿರುಗಿಸಿದ್ದು. ಇವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಸ್ವಲ್ಪ ಎಡಕ್ಕೆ ಹಿಡಿ", "ಅಂಟು ಜಾಸ್ತಿ ಆಯ್ತು", ಇಷ್ಟೇ ಅವರ ಮಾತು. ನಾನು ಮುಂದಿನ ಕೌಂಟರಿನಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವ ನೆಪದಲ್ಲಿ ಕಿವಿಯನ್ನೆಲ್ಲ ಹಿಂದಕ್ಕೇ ಇಟ್ಟುಕೊಂಡಿದ್ದೆ. ಒಬ್ಬರಿಗೆ ಇನ್ನೊಬ್ಬರ ಕನ್ನಡಕ ಕೊಟ್ಟು ಕಳಿಸಿದೆನಂತೆ, ಇವತ್ತು ವಾಪಸ್ಸು ಬಂದು ಬೈದು ಹೋದರು.

ಗಾಜಿನ ಮೇಲಿನ ಗೆರೆಯನ್ನು ಮಾತ್ರ ಅವನು ತಾನು ಬರೆಯಲಿಲ್ಲ. "ತೆಗೆದವರೇ ಹಾಕಿ" ಎಂದು ಕುಂಚವನ್ನು ಅಪ್ಪನ ಕೈಗೆ ಕೊಟ್ಟ. ಒಂದೆರಡು ಕೂದಲಿನ ಕುಂಚ, ನಿನ್ನ ಮಾವ ಗಾಜಿನ ಹತ್ತಿರ ಒಯ್ದು ಎರಡು ಸಲ ಹಿಂದಕ್ಕೆ ತೆಗೆದರು. ಅವನು ಅವರ ಮಣಿಕಟ್ಟನ್ನು ಹಿಡಿದುಕೊಂಡ. ಗೆರೆ ಅಷ್ಟೇನೂ ಚೆನ್ನಾಗಿ ಬಂದಿಲ್ಲ, ಒಂದು ಕಡೆ ದಪ್ಪಗಾಗಿದೆ. ಮತ್ತೆ ಅಳಿಸಿ ಬರೆಯುತ್ತೇನೆ ಎಂದು ಇವರು ಹಟ ಹಿಡಿದರೆ ಅವನು ಬಿಡಲಿಲ್ಲ. ಈಗ ವಿಮಾನ ಗಾಜು ತೆರೆದುಕೊಂಡು ನಮ್ಮ ನಡುಮನೆಯಲ್ಲೇ ಇದೆ.

ನಿನ್ನ ವಿಷಯವನ್ನು ಅವನು ಎತ್ತಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ನಿನ್ನೆ ಕ್ಯಾಲೆಂಡರಿನ ಮುಂದೆ ಬಹಳ ಹೊತ್ತು ನಿಂತಿದ್ದ. ನಾನು ಬಾ ಎಂದು ಕರೆಯುವುದಿಲ್ಲ. ಕರೆಯಬೇಕಾದವಳು ನಾನಲ್ಲ ಎಂಬಷ್ಟು ತಿಳಿವಳಿಕೆ ನನಗಿದೆ. ನೀನು ನೆಮ್ಮದಿಯಾಗಿ ನಿದ್ದೆ ಮಾಡಲಿ ಎಂದಷ್ಟೇ ಇಷ್ಟು ಉದ್ದ ಬರೆದೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಕ್ಕಳ ಮೇಲೆ ಕೂಗಾಡಿ ಗಂಟಲು ಕೆಡಿಸಿಕೊಳ್ಳಬೇಡ.

ಹೊಟ್ಟೆ ತಣ್ಣಗಾದ
ನಿನ್ನ ಅತ್ತೆ

ತಾ.ಕ.: ಅಂಚೆಗೆ ಹಾಕು ಎಂದು ಅವನ ಕೈಗೆ ಕೊಟ್ಟರೆ, ಲಕೋಟೆ ಬಿಚ್ಚಿಕೊಂಡು ಓದುತ್ತಾ ಕೂತುಬಿಟ್ಟ. ಅಪ್ಪನ ಮಗ. ಕೆಳಗಿರುವುದು ಅವನ ಕೈಬರಹ. ನಾನು ಓದಿಲ್ಲ, ಮೊದಲ ಎರಡು ಸಾಲು ಮಾತ್ರ ತಾನಾಗಿ ಕಣ್ಣಿಗೆ ಬಿತ್ತು.

ಅಮ್ಮನ ಕಾಗದದಲ್ಲಿ ಎರಡು ತಪ್ಪಿವೆ. ನಾನು ಜಗಳವಾಡಲಿಲ್ಲ, ತಿದ್ದಿದೆ ಅಷ್ಟೇ. ಮತ್ತು ನಾನು ವಿಮಾನದಿಂದ ಹಾರಲಿಲ್ಲ, ಸೀಟು ನನ್ನನ್ನು ಎಸೆಯಿತು.

"ಆ ಹೊತ್ತಿನಲ್ಲಿ ನನ್ನ ನೆನಪಾಯಿತಾ" ಎಂದು ಅವತ್ತು ನೀನು ಕೇಳಿದೆ. ಆಗಲಿಲ್ಲ. ಯಾರ ನೆನಪೂ ಆಗಲಿಲ್ಲ, ಕೈ ತಾನಾಗಿ ಹಿಡಿಗೆ ಹೋಯಿತು. ಆಯಿತೆಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ, ಆಗಲಿಲ್ಲ ಎನ್ನಲು ಧೈರ್ಯ ಬರಲಿಲ್ಲ. ಅದಕ್ಕೇ ಬಾಗಿಲು ಹಾಕಿಕೊಂಡೆ. ಆಮೇಲಿನದನ್ನು ನಾಚಿಕೆಗೆ ಯಾರಿಗೂ ಹೇಳಿಲ್ಲ. ಬಯಲಿನಲ್ಲಿ ಬಿದ್ದಿದ್ದಾಗ ಎತ್ತಿಕೊಳ್ಳಲು ಬಂದವರು ಹೆಸರು ಕೇಳಿದರಂತೆ. ಅಂಗಿಯ ಎದೆಯ ಮೇಲೆ ಹೊಲಿದಿದ್ದ ನನ್ನ ಹೆಸರನ್ನು ಮಣ್ಣು ಮುಚ್ಚಿತ್ತು. ನಾನು ನಿನ್ನ ಹೆಸರು ಹೇಳಿದೆನಂತೆ. ಎಷ್ಟು ಸಲ ಕೇಳಿದರೂ ಅದನ್ನೇ ಹೇಳಿದೆನಂತೆ. ನಮ್ಮ ಪಡೆಯವರು ಬಂದು ಸರಿಮಾಡಿಸುವವರೆಗೆ ಆಸ್ಪತ್ರೆಯಲ್ಲಿ ನನ್ನ ಕೈಗೆ ಕಟ್ಟಿದ್ದ ಪಟ್ಟಿಯಲ್ಲಿ ನಿನ್ನ ಹೆಸರೇ ಇತ್ತು, ಹೆಂಗಸರ ವಾರ್ಡಿನಲ್ಲಿ ಹಾಸಿಗೆಯೂ ಸಿದ್ಧವಾಗಿತ್ತು.

ನಗುವುದಿದ್ದರೆ ಎದುರಿಗೆ ನಗು. ಬಸ್ಸಿನಲ್ಲಿ ಕೂರಬಹುದೆಂದು ಡಾಕ್ಟರು ಹೇಳಿದ್ದಾರೆ, ಭಾನುವಾರ ಬರುತ್ತಿದ್ದೇನೆ.