ನೇಮದ ದಿನದ ಜ್ವರ

ಅಪ್ಪ,

ಕೆಲಸದಿಂದ ವಜಾ ಮಾಡಿದ್ದನ್ನು ಪ್ರಶ್ನಿಸಿ ನೀವು ಹಾಕಿದ್ದ, ನೀವು ತೀರಿಹೋದ ಮೇಲೂ ನಾವು ನಡೆಸಿದ ಕೇಸು ಇಂದು ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಕಳ್ಳನಿಂದ ಜಪ್ತಿ ಮಾಡಿದ ಬಳೆಯನ್ನು ಕಂಡೇ ಇಲ್ಲವೆಂದು ನೀವು ಸುಳ್ಳು ಹೇಳಿದ್ದೀರಂತೆ. ಅಂಥವರು ಪೊಲೀಸರಾಗಿ ಇರಬಾರದಂತೆ.

"ಮೇಲ್ಮನವಿ ಹಾಕುವ" ಎಂದರು ವಕೀಲರು. ನಾನು ಹೂಂ ಎನ್ನುವಷ್ಟರಲ್ಲಿ ಅಮ್ಮ ತಡೆದರು.

"ಸಾಕು ಮಗಾ. ಕೋರ್ಟಿನಲ್ಲಿ ನಿನ್ನ ಅಪ್ಪ ಪ್ರಮಾಣ ಮಾಡಿದ್ರು. ದೈವದ ಎದುರು ಮಾಡ್ಲಿಕ್ಕೆ ಧೈರ್ಯ ಇರ್ಲಿಲ್ಲ."

ವಜಾ ಆದ ವರ್ಷ ನರಿಕೊಂಬು ಊರಿನಲ್ಲಿ ನಮ್ಮ ಕುಟುಂಬದ ದೈವ ಮೈದುಂಬಿ ನುಡಿಯುವ ನೇಮಕ್ಕೆ ನೀವು ಬರಲಿಲ್ಲ. ನಿಮ್ಮ ಬದಲು ನಾನು ಕೈಮುಗಿದು ನಿಂತೆ. ನೀವೆಲ್ಲಿ ಎಂದು ದೈವ ಕೇಳಿತು. ಜೋರು ಜ್ವರ ಎಂದೆ.

ಜ್ವರವೆಂದು ನೀವೇ ಹೇಳಿದ ಮೇಲೆ, ನಿಮ್ಮ ಹಣೆ ಮುಟ್ಟಿ ನೋಡಬೇಕೆಂದು ನನಗೆ ಅನಿಸಿರಲಿಲ್ಲ.