ಕಿನುಯೊ ಕಳಿಸಿದ ಸೋಡಾ

ಹಮಾಸಾವಾ, ಅಕಿತಾ
ಜುಲೈ ೨೩, ೧೯೬೮, ಮಂಗಳವಾರ

ಪ್ರೀತಿಯ ಮಗ ತೊಕುಜಿಗೆ, ನಿನ್ನ ಅವ್ವನ ಆಶೀರ್ವಾದ.

ಹೇಗಿದ್ದೀಯಪ್ಪ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ? ಟೋಕಿಯೋದಲ್ಲಿ, ಅದರಲ್ಲೂ ನೀವು ಸುರಂಗ ಅಗೆಯುವ ಕಡೆ, ಸೆಕೆ ಕುದಿಯುತ್ತಿರಬೇಕು. ಹಾಗಂತ ಹೊಟ್ಟೆಗೆ ಬಟ್ಟೆ ಸುತ್ತಿಕೊಳ್ಳದೆ ಮಲಗಬೇಡ, ಹೊಟ್ಟೆ ತಣ್ಣಗಾದರೆ ನಿನಗೆ ಚಿಕ್ಕಂದಿನಿಂದಲೂ ಆಗಿಬರುವುದಿಲ್ಲ. ಕೈಕಾಲು ನೆಟ್ಟಗಿವೆ ತಾನೆ? ಇದನ್ನು ಬಾಯಿಮಾತಿಗೆ ಕೇಳುತ್ತಿಲ್ಲ, ಯಾಕೆ ಕೇಳಿದೆ ಎಂದು ಮುಂದೆ ಹೇಳುತ್ತೇನೆ. ಅದಕ್ಕಿಂತ ಮೊದಲು ಇದನ್ನು ಗಮನವಿಟ್ಟು ಓದು. ನಿನ್ನ ಹೆಸರಿಗೆ ಒಂದು ಪಾರ್ಸೆಲ್ ಬರುತ್ತಿದೆ. ಹಳೆ ಪೇಪರು ಸುತ್ತಿ ಹುಲ್ಲಿನ ಹಗ್ಗ ಬಿಗಿದಿದೆಯಂತೆ. ಅದನ್ನು ಅಲ್ಲಾಡಿಸಬೇಡ, ಬಿಸಿಲಿಗಿಡಬೇಡ, ಮುಖದ ಹತ್ತಿರ ಹಿಡಿದು ಬಿಚ್ಚಲೇಬೇಡ. ಒಳಗಿರುವುದು ನಿನ್ನ ಮಗಳು ಕಿನುಯೊ ಮಾಡಿದ ಪೈನ್ ಸೋಡಾ. ಅದು ಯಾವ ಗಳಿಗೆಯಲ್ಲಿ ಸಿಡಿಯುತ್ತದೋ ನನಗೆ ಗೊತ್ತಿಲ್ಲ.

ತಪ್ಪು ಯಾರದೆಂದರೆ ನನ್ನದೇ. ಜೂನ್ ತಿಂಗಳಲ್ಲಿ ಮಕ್ಕಳಿಬ್ಬರೂ ಅಂಗಡಿಯ ಸೋಡಾ ಬೇಕೆಂದು ನನ್ನ ಸೆರಗು ಹಿಡಿದು ಎಳೆದಾಡುತ್ತಿದ್ದರು. ಮನೆಯಲ್ಲೇ ಮಾಡಿಕೊಡುತ್ತೇನೆ ಬನ್ನಿ ಎಂದು ಕಡಲ ದಂಡೆಯ ಪೈನ್ ತೋಪಿಗೆ ಕರೆದುಕೊಂಡು ಹೋದೆ. ನಿನಗೆ ಕಲಿಸಿದ ಹಾಗೆಯೇ ಅವರಿಗೂ ಕಲಿಸಿದೆ. ಎಳೆಯ ಸೂಜಿ ಎಲೆಗಳನ್ನೇ ಕೀಳಬೇಕು, ಬುಡದ ಕಂದು ಸಿಪ್ಪೆ ತೆಗೆಯಬೇಕು, ಧೂಳು ಹೋಗುವಷ್ಟು ಮಾತ್ರ ನೀರಿನಲ್ಲಿ ಆಡಿಸಬೇಕು. ತಿಕ್ಕಿ ತೊಳೆದರೆ ಎಲೆಯ ಮೇಲಿರುವ ಜೀವ ಹೋಗಿ ನೊರೆಯೇ ಬರುವುದಿಲ್ಲ. ಯೋಸುಕೆಗೆ ಆರು ತುಂಬಿದರೂ ಬುದ್ಧಿ ಬಂದಿಲ್ಲ, ಒಂದೊಂದು ಎಲೆಯನ್ನೂ ಕೈಯಲ್ಲಿ ಹಿಡಿದು, "ಇದು ಜೀವ ಇರೋದಾ ಅಜ್ಜಿ, ಇಲ್ದೇ ಇರೋದಾ?" ಎಂದು ಕೇಳಿ ಕೇಳಿ ನನ್ನ ತಲೆ ತಿಂದ. ಸಕ್ಕರೆ ನೀರು ಕಾಯಿಸಿ ಆರಿಸಿ, ಬಾಟಲಿಗೆ ಹುಯ್ದು, ಎಲೆ ತುಂಬಿ ಜಗಲಿಯ ಬಿಸಿಲಿಗಿಟ್ಟೆವು. ಗುಳ್ಳೆ ಹತ್ತಿ ಎಲೆಗಳು ಒಂದೊಂದಾಗಿ ಮೇಲೇಳುವುದನ್ನು ನೋಡಲು ಇಬ್ಬರೂ ಬೋರಲು ಮಲಗಿಬಿಡುತ್ತಿದ್ದರು. ಕಿನುಯೊ ಮಾತ್ರ ಅಚ್ಚುಕಟ್ಟು. ದಿನಾ ಬೆಳಿಗ್ಗೆ ಮುಚ್ಚಳ ಸಡಿಲಿಸಿ ಗಾಳಿ ಬಿಡಬೇಕು ಎಂದದ್ದನ್ನು ಒಂದು ದಿನವೂ ಮರೆಯಲಿಲ್ಲ. ಸೋಸಿ ಬಾವಿಯಲ್ಲಿ ಇಳಿಬಿಟ್ಟು ತಣ್ಣಗೆ ಮಾಡಿ ಕುಡಿದರೆ ಮೂಗಿಗೆ ಕಾಡು ಹತ್ತಿದ ಹಾಗಿರುತ್ತದೆ. ನೀನು ಗದ್ದೆಯಿಂದ ಬಂದು ಒಂದೇ ಗುಟುಕಿಗೆ ಕುಡಿದು, ತೋಪಿನ ಕಾಗೆಗಳೆಲ್ಲ ಹಾರುವ ಹಾಗೆ ತೇಗುತ್ತಿದ್ದೆಯಲ್ಲ, ಅದನ್ನು ಯೋಸುಕೆಗೆ ಮಾಡಿ ತೋರಿಸಲು ಹೋಗಿ ನಾನು ಕೆಮ್ಮಿ ಸುಸ್ತಾದೆ.

ಇವತ್ತು ಬೆಳಿಗ್ಗೆ ಏನಾಯಿತೆಂದರೆ, ನಾನು ಅಡಿಗೆಮನೆಯಲ್ಲಿದ್ದಾಗ ಜಗಲಿಯಲ್ಲಿ ಢಮ್ ಎಂದಿತು. ಎರಡು ದಿನದಿಂದ ಬಿಸಿಲು ವಿಪರೀತ, ಹೊಸದಾಗಿ ತುಂಬಿಟ್ಟಿದ್ದ ಒಂದು ಬಾಟಲಿ ಒಡೆದು ಚೂರು ಚೂರಾಗಿತ್ತು. ಕಾಗದದ ಬಾಗಿಲಿಗೆ ಗಾಜು ತೂರಿತ್ತು, ಉಪ್ಪು ಹಚ್ಚಿಟ್ಟಿದ್ದ ಸೌತೆಕಾಯಿಯ ಮೇಲೆಲ್ಲ ಗಾಜು. ಯೋಸುಕೆ ಆಗಷ್ಟೇ ಅಲ್ಲಿಂದ ಎದ್ದು ಉಚ್ಚೆಗೆ ಹೋಗಿದ್ದ. ದೇವರು ದೊಡ್ಡವನು. ಉಳಿದ ಬಾಟಲಿಗಳ ಗಾಳಿ ಬಿಟ್ಟು ನೆರಳಿಗೆ ಸಾಗಿಸುವಾಗ, ನಿನ್ನಪ್ಪನ ಕಾಲದ ತಂತಿ ಮುಚ್ಚಳದ ದಪ್ಪ ಬಾಟಲಿ ಕಾಣಲಿಲ್ಲ. ಎಲ್ಲಿ ಹೋಯಿತೆಂದು ಕಿನುಯೊಳನ್ನು ಕೇಳಿದೆ. ಗದರಿಸಿದೆ, ಮುದ್ದು ಮಾಡಿದೆ, ಮತ್ತೆ ಗದರಿಸಿದೆ. ಕೊನೆಗೆ, "ಅಪ್ಪಂಗೆ ಕಳಿಸ್ದೆ. ನಿನ್ನೆ" ಎಂದಳು. ಹೊಸವರ್ಷದಲ್ಲಿ ಕಾಣಿಕೆ ಬಂದ ದುಡ್ಡಿನಿಂದ ಅಂಚೆಗೆ ಹಾಕಿದ್ದಾಳೆ. ನಿನ್ನ ಹೊಸವರ್ಷದ ಕಾರ್ಡಿನಿಂದ ವಿಳಾಸ ನೋಡಿಕೊಂಡಿದ್ದಾಳೆ. ದಾರಿಯಲ್ಲಿ ನೊರೆ ಹೋಗಿಬಿಟ್ಟರೆ ಎಂದು ಮುಚ್ಚಳದ ಸುತ್ತ ಮೇಣ ಕರಗಿಸಿ ಹುಯ್ದಿದ್ದಾಳೆ, ಮೇಲೆ ದಾರ ಬಿಗಿದಿದ್ದಾಳೆ! ಗಾಳಿ ಬಿಡಬೇಕೆಂದು ಅಷ್ಟು ಹೇಳಿದ್ದೆನಲ್ಲ ಎಂದು ರೇಗಿದೆ. ಅದಕ್ಕೆ ಏನಂದಳು ಗೊತ್ತಾ? "ಗಾಳಿ ಬಿಟ್ರೆ ಅಪ್ಪಂಗೆ ಏನೂ ಉಳಿಯೋದೇ ಇಲ್ಲ. ಅಪ್ಪ ನಮ್ಮನೆ ಮರ್ತಿರ್ಬೋದು, ರುಚಿ ನೋಡಿದ್ರೆ ನೆನಪಾಗ್ತದೆ." ಎತ್ತಿದ ಕೈ ಹಾಗೇ ಇಳಿಯಿತು.

ಈಗ ನಾನು ಕೇಳಬೇಕಾದದ್ದನ್ನು ಕೇಳುತ್ತೇನೆ. ಹೊಸವರ್ಷದ ಕಾರ್ಡಾದ ಮೇಲೆ ನಿನ್ನಿಂದ ಒಂದು ಸಾಲೂ ಇಲ್ಲ. ನಾಟಿಗೆ ಎಲ್ಲರ ಮನೆಯ ಗಂಡಸರೂ ಬಂದರು, ನೀನು ಬರಲಿಲ್ಲ. ನಿನ್ನ ಹೆಂಡತಿ ತಮಿಯೆ, ನಾನು, ಕಿನುಯೊ ಸೇರಿ ನೆಟ್ಟೆವು. ಸಾಲು ಸೊಟ್ಟಗಿದೆ, ನೋಡಿ ನಗಬೇಡ. ಟೋಕಿಯೋದಿಂದ ನಾಟಿಗೆ ಬಂದಿದ್ದ ಪಕ್ಕದ ಮನೆಯ ಗೆಂಜೊನನ್ನು ಕೇಳಿದರೆ ತಲೆ ಕೆರೆದುಕೊಂಡು, "ಆ ಬಿಡಾರದಲ್ಲಿ ತೊಕುಜಿನ ನೋಡ್ಲಿಲ್ಲ ದೊಡ್ಡಮ್ಮ. ಅಟ್ಟಣಿಗೆ ಹಲಗೆ ಕುಸಿದು ನಮ್ಮ ಕಡೆಯವ್ನೊಬ್ಬ ಬಿದ್ದ ಅಂತ ಕೇಳ್ದೆ, ಹೆಸರು ಗೊತ್ತಾಗ್ಲಿಲ್ಲ" ಎಂದ. ಅಷ್ಟು ಹೇಳಿ ಅವನು ಹೊಟ್ಟೆತುಂಬ ಉಂಡು ಹೋದ. ಅವತ್ತಿನಿಂದ ನನ್ನ ಗಂಟಲಲ್ಲಿ ಅನ್ನ ಇಳಿಯುತ್ತಿಲ್ಲ. ತಮಿಯೆಗೆ ನಾನು ಹೇಳಿಲ್ಲ, ಆದರೆ ಗೆಂಜೊನ ಬಾಯಿ ಎಂಥದೆಂದು ನಿನಗೆ ಗೊತ್ತಲ್ಲ, ಅವಳಿಗೆ ತಿಳಿದೇ ಇರುತ್ತದೆ. ಅವಳು ಮೀನಿನ ಕಾರ್ಖಾನೆಗೆ ಹೋಗುವ ಮುಂಚೆ ದಿನವೂ ನಿನ್ನ ಜಾಗದಲ್ಲಿ ನಿನ್ನ ಪಾಲಿನ ಊಟ ಬಡಿಸಿ ಇಡುತ್ತಾಳೆ. ಆಮೇಲೆ ಸಾರಿನ ಬಟ್ಟಲಿನ ಮುಚ್ಚಳ ಎತ್ತಿ ನೋಡುತ್ತಾಳೆ. ಒಳಗೆ ಹನಿ ಕಟ್ಟಿದ್ದರೆ ದೂರ ಹೋದವನು ಕ್ಷೇಮ ಎಂದು ನಂಬಿಕೆ. ಬಿಸಿ ಸಾರಿಗೆ ಮುಚ್ಚಳ ಹಾಕಿದರೆ ಹನಿ ಕಟ್ಟದೆ ಇರುತ್ತದೆಯೇ? ನನಗೂ ಗೊತ್ತು, ಅವಳಿಗೂ ಗೊತ್ತು. ಆದರೂ ಇಬ್ಬರೂ ಬಗ್ಗಿ ನೋಡುತ್ತೇವೆ.

ಬಿದ್ದವನು ನೀನೇ ಆಗಿದ್ದರೂ, ಕಾಲೋ ಕೈಯೋ ಹೋಗಿದ್ದರೂ, ಮನೆಗೆ ಬಾ. ಇನ್ನೊಬ್ಬಳು ಯಾರಾದರೂ ಸಿಕ್ಕಿದ್ದಾಳೆಂದರೆ, ಅದನ್ನೂ ನನ್ನ ಮುಖಕ್ಕೆ ಹೇಳು. ಬೈಯುತ್ತೇನೆ, ಆದರೆ ಬೈಗುಳ ತಿಂದು ಸತ್ತವರನ್ನು ನಾನು ಕಂಡಿಲ್ಲ. ನೀನು ಬದುಕಿದ್ದೀಯೋ ಇಲ್ಲವೋ ಎಂದು ತಿಳಿಯದೆ ಇರುವುದು ಮಾತ್ರ ನನ್ನ ಕೈಲಾಗುತ್ತಿಲ್ಲ ಮಗಾ.

ಈಗ ಬಾಟಲಿಯ ವಿಷಯ. ಬಂದ ತಕ್ಷಣ ಪೇಪರು ಬಿಚ್ಚದೆ, ಹಾಗೇ ತಣ್ಣೀರಿನ ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಡು. ಆಮೇಲೆ ದಪ್ಪ ಟವೆಲು ಸುತ್ತಿ, ಬಾಯಿಯನ್ನು ಗೋಡೆಯ ಕಡೆಗೆ ತಿರುಗಿಸಿ, ಮೇಣ ಕೆರೆದು, ತಂತಿಯನ್ನು ಕೂದಲೆಳೆಯಷ್ಟೇ ಸಡಿಲಿಸು. ಬುಸ್ ಎನ್ನುವುದು ನಿಲ್ಲುವವರೆಗೆ ಕಾಯಿ. ಬಿಡಾರದ ಹುಡುಗರ ಮುಂದೆ ಶೂರತನ ತೋರಿಸಲು ಹೋಗಬೇಡ. ಹುಳಿ ಬಂದಿದ್ದರೆ, ಸ್ವಲ್ಪ ಅಮಲು ಹತ್ತಿದ್ದರೂ, ಕುಡಿ. ಮಗು ಮಾಡಿದ್ದು.

ನಿನ್ನ ಕಣ್ಣು ಕೈ ಕಾಲು ಎಲ್ಲವನ್ನೂ ದಂಡೆಯ ಪುಟ್ಟ ಗುಡಿಯ ದೇವರು ಕಾಯಲಿ. ನೂರು ಕಾಲ ಬಾಳು. ಯೋಸುಕೆ ತನ್ನ ಹಲ್ಲು ಬಿದ್ದಿದ್ದನ್ನು ಬರೆಯಲೇಬೇಕೆಂದು ಪಕ್ಕದಲ್ಲೇ ಕೂತಿದ್ದಾನೆ, ಬರೆದೆ.

ನಿನ್ನ ಅವ್ವ,
ಹತ್ಸು

ತಾ.ಕ.: ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತು ಇದನ್ನು ಸೇರಿಸುತ್ತಿದ್ದೇನೆ. ಗುಮಾಸ್ತ ಸುಗಾವಾರಾ ಚೀಲ ಕಟ್ಟುವ ಹೊತ್ತು, ಬೇಗ ಬೇಗ ಎನ್ನುತ್ತಿದ್ದಾನೆ. ತುರ್ತು ಅಂಚೆಯಲ್ಲಿ ಹಾಕಿದರೆ ಈ ಪತ್ರವೇ ಮೊದಲು ಬರುತ್ತದಂತೆ, ಅಷ್ಟು ಸಮಾಧಾನ. ಆದರೆ ಅವನು ಇನ್ನೊಂದು ಮಾತು ಹೇಳಿದ. "ಹೋದ ತಿಂಗಳೂ ನಿಮ್ಮ ಮೊಮ್ಮಗಳು ಇಂಥದೇ ಒಂದು ಕಳಿಸಿದ್ಲಲ್ಲ ಅಜ್ಜಿ, ತಲುಪ್ತಂತಾ?" ನನಗೆ ಗೊತ್ತೇ ಇರಲಿಲ್ಲ. ಪತ್ರವಾದರೆ ಬಿಡಾರದ ಮೂಲೆಯಲ್ಲಿ ಬಿದ್ದಿರಬಹುದು, ಪಾರ್ಸೆಲ್ ಹಾಗಲ್ಲವಂತೆ. ಆ ಹೆಸರಿನವರು ಇಲ್ಲವೆಂದರೆ ವಾಪಸು ಬಂದುಬಿಡುತ್ತದಂತೆ. ಅದು ಬಂದಿಲ್ಲ. ಯಾರೋ ತೆಗೆದುಕೊಂಡಿದ್ದಾರೆ. ಯಾರು ತೊಕುಜಿ? ನೀನೇ ಎಂದು ನಾನು ಇಲ್ಲಿ ಜನರೆದುರೇ ಅಳುತ್ತಿದ್ದೇನೆ, ಬೇರೆ ಯಾರೋ ಕುಡಿದರೇನೋ ಎಂದು ಮತ್ತೆ ಹೆದರುತ್ತಿದ್ದೇನೆ. ಬರಲು ಮುಖವಿಲ್ಲದಿದ್ದರೆ ಬರಬೇಡ. ಬರೆಯಲು ಏನೂ ತೋಚದಿದ್ದರೆ ಬರೆಯಲೂ ಬೇಡ. ನಿನ್ನ ಕೈಯಿಂದ ವಿಳಾಸ ಬರೆದು, ಆ ಖಾಲಿ ಬಾಟಲಿಯನ್ನು ಮನೆಗೆ ಕಳಿಸು. ತೊಳೆಯದಿದ್ದರೂ ಪರವಾಗಿಲ್ಲ.